ಬಳ್ಳಿಗಾವೆಯ ಗಂಡಭೇರುಂಡ: ಒಂದು ಲಾಂಛನದ ಅರ್ಥ ಮತ್ತು ಇತಿಹಾಸ

‘ಲಾಂಛನ’ವೆಂಬ ಮಾತು ವಚನಗಳನ್ನು ಓದಿದವರಿಗೆ ಹೊಸದಲ್ಲ. ಸಂಸ್ಕೃತದಲ್ಲಿ ಗುರುತು, ಚಿಹ್ನೆ, ಕಲೆ ಎಂಬ ಸಾಮಾನ್ಯಾರ್ಥವುಳ್ಳ ಈ ಶಬ್ದವು ಕನ್ನಡ ನಾಡಿನಲ್ಲಿ ಮೂರು ವಿಶೇಷಾರ್ಥಗಳನ್ನು ಪಡೆದುಕೊಂಡಿತು. ಜೈನರಲ್ಲಿ ಅದು ವೃಷಭ, ಗಜ, ಶಂಖ, ಸರ್ಪ ಮೊದಲಾಗಿ ಒಬ್ಬೊಬ್ಬ ತೀರ್ಥಂಕರನನ್ನು ಗುರುತಿಸುವ ಚಿಹ್ನೆ. ಅರಸರಲ್ಲಿ ಅದು ಮುದ್ರೆಯ ಮೇಲೆಯೂ ತಾಮ್ರಪಟದ ಮೇಲೆಯೂ ನಾಣ್ಯದ ಮೇಲೆಯೂ ಒತ್ತುವ ಮನೆತನದ ಗುರುತು. ಶರಣರಲ್ಲಿ ಅದು ಭಕ್ತನ ಮತ್ತು ಜಂಗಮನ ಮೈಮೇಲೆ ಕಾಣುವ ಶಿವಚಿಹ್ನೆ. ಈ ಮೂರರಲ್ಲಿಯೂ ಸಮಾನವಾದ ಒಂದು ಅಂಶವಿದೆ. ಲಾಂಛನವು ತನ್ನನ್ನು ತಾನು ತೋರಿಸಿಕೊಳ್ಳುವುದಕ್ಕಾಗಿ ಇರುವುದಲ್ಲ. ತನ್ನ ಹಿಂದಿರುವ ಇನ್ನೊಂದನ್ನು ಸೂಚಿಸುವುದಕ್ಕಾಗಿ ಇರುವುದು. ಹಿಂದಿರುವುದು ಬರಿದಾದರೆ ಲಾಂಛನವೂ ಬರಿದು.

ಯೂರೋಪಿನ ಹಲವು ದೇಶಗಳಲ್ಲಿ ಚಿಕ್ಕ ಹಳ್ಳಿಗೂ ತನ್ನದೇ ಆದ ಲಾಂಛನಫಲಕವುಂಟು. ಹನ್ನೆರಡನೆಯ ಶತಮಾನದ ಸುಮಾರಿಗೆ ಅಲ್ಲಿಯ ಯೋಧರು ತಮ್ಮ ಗುರಾಣಿಗಳ ಮೇಲೆ ಬರೆಸಿಕೊಂಡ ಗುರುತುಗಳಿಂದ ಆ ಪದ್ಧತಿ ಬೆಳೆಯಿತು. ಕನ್ನಡ ನಾಡಿನ ಹಳ್ಳಿಗಳಿಗೆ ಅಂತಹ ಗುರಾಣಿಫಲಕಗಳಿಲ್ಲ. ಆದರೆ ಒಂದು ಹಳ್ಳಿಯಲ್ಲಿ, ಯೂರೋಪಿನ ಆ ಪದ್ಧತಿ ತಲೆಯೆತ್ತುವುದಕ್ಕೂ ಮೊದಲೇ, ಒಂದು ಲಾಂಛನವನ್ನು ಕಲ್ಲಿನಲ್ಲಿ ಕಡೆದು ಕಂಬದ ತುದಿಯಲ್ಲಿ ನಿಲ್ಲಿಸಿದರು. ಇಂದು ಅದೇ ಲಾಂಛನವು ಇಡೀ ರಾಜ್ಯದ ಮುದ್ರೆಯಾಗಿದೆ. ಆ ಹಳ್ಳಿ ಬಳ್ಳಿಗಾವೆ. ಆ ಲಾಂಛನ ಗಂಡಭೇರುಂಡ.

ಬಳ್ಳಿಗಾವೆಯ ಹಿರಿಮೆ

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನಲ್ಲಿ, ಶಿರಾಳಕೊಪ್ಪದ ಸಮೀಪದಲ್ಲಿರುವ ಬಳ್ಳಿಗಾವೆ ಇಂದು ಹೆಂಚಿನ ಮನೆಗಳ, ಗದ್ದೆ ತೋಟಗಳ, ಕೆರೆಗಳ ಊರು. ಬಳ್ಳಿಗಾಮೆ, ಬಳಿಪುರ, ಬೆಳಗಾಮಿ ಎಂಬ ಹೆಸರುಗಳಿಂದಲೂ ಅದನ್ನು ಕರೆದಿದ್ದಾರೆ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಅದು ಬನವಾಸಿ ಪನ್ನಿರ್ಚ್ಛಾಸಿರದ ರಾಜಧಾನೀಪಟ್ಟಣವಾಗಿತ್ತು. ಆಡಳಿತ, ವ್ಯಾಪಾರ, ವಿದ್ಯೆ ಈ ಮೂರೂ ಅಲ್ಲಿ ಒಟ್ಟಿಗೆ ನೆಲೆಸಿದ್ದವು. ಕೇದಾರೇಶ್ವರ, ತ್ರಿಪುರಾಂತಕೇಶ್ವರ ಮೊದಲಾದ ದೇವಾಲಯಗಳು ಅದರ ಹಿಂದಿನ ವೈಭವವನ್ನು ಇಂದಿಗೂ ಸಾರುತ್ತಿವೆ. ಬಿ. ಎಲ್. ರೈಸ್ ಅವರು ಸಂಪಾದಿಸಿ 1902ರಲ್ಲಿ ಹೊರತಂದ ‘ಎಪಿಗ್ರಾಫಿಯ ಕರ್ನಾಟಿಕ’ದ ಏಳನೆಯ ಸಂಪುಟದಲ್ಲಿ ಈ ಒಂದು ಊರಿನ ಶಾಸನಗಳೇ ದೊಡ್ಡದೊಂದು ಗುಂಪಾಗಿ ನಿಂತಿವೆ.

ವಚನಸಾಹಿತ್ಯದ ಅಭ್ಯಾಸಿಗಳಿಗೆ ಈ ಸೀಮೆ ಇನ್ನೊಂದು ಕಾರಣದಿಂದ ಪರಿಚಿತ. ಹರಿಹರನ ‘ಪ್ರಭುದೇವರ ರಗಳೆ’ಯು ಅಲ್ಲಮನನ್ನು ಬಳ್ಳಿಗಾವೆಯವನೆಂದು ಹೇಳುತ್ತದೆ. ಚಾಮರಸನ ‘ಪ್ರಭುಲಿಂಗಲೀಲೆ’ಯು ಕಥೆಯನ್ನು ಬೇರೊಂದು ಬಗೆಯಲ್ಲಿ ಕಟ್ಟಿ ಬನವಾಸಿಯನ್ನು ಮುಂದಿಡುತ್ತದೆಯಾದರೂ ಎರಡೂ ಒಂದೇ ನಾಡಿನ ಸ್ಥಳಗಳೇ. ಅಕ್ಕಮಹಾದೇವಿಯ ಉಡುತಡಿ, ಎಂದರೆ ಇಂದಿನ ಉಡುಗಣಿ, ಇದೇ ತಾಲ್ಲೂಕಿನಲ್ಲಿದೆ. ಹೀಗೆ ರಾಜಲಾಂಛನದ ಕಂಬ ನಿಂತಿರುವ ನೆಲವೇ ಶರಣರು ಹುಟ್ಟಿ ನಡೆದಾಡಿದ ನೆಲವೂ ಆಗಿದೆ. ಈ ಎರಡಕ್ಕೂ ಇರುವ ಸಂಬಂಧವು ಮುಂದೆ ವಿಚಾರಕ್ಕೆ ಬರುವುದು.

ಅರಸುಮನೆತನಗಳ ಲಾಂಛನಗಳು

ಗಂಡಭೇರುಂಡದ ವಿಶೇಷವು ತಿಳಿಯಬೇಕಾದರೆ ಕನ್ನಡ ನಾಡಿನ ಉಳಿದ ರಾಜಲಾಂಛನಗಳನ್ನು ಒಮ್ಮೆ ನೆನೆಯುವುದು ಉಚಿತ. ಕದಂಬರದು ಸಿಂಹಲಾಂಛನ, ವಾನರಧ್ವಜ. ಗಂಗರದು ಮದಗಜ. ಚಾಲುಕ್ಯರದು ವರಾಹ. ರಾಷ್ಟ್ರಕೂಟರದು ಗರುಡ. ಸೇವುಣರೂ ಸುವರ್ಣಗರುಡಧ್ವಜರೆನಿಸಿಕೊಂಡರು. ಕಲಚುರಿ ಬಿಜ್ಜಳನ ವಂಶದ್ದು ವೃಷಭ. ಹೊಯ್ಸಳರದು ಹುಲಿಯನ್ನು ಹೊಯ್ಯುವ ಸಳನ ಚಿತ್ರ.

ಇವುಗಳಲ್ಲಿ ಬಹುಪಾಲು ಕಣ್ಣಿಗೆ ಕಾಣುವ ಪ್ರಾಣಿಗಳೇ. ಗಂಡಭೇರುಂಡವಾದರೋ ಕಾಡಿನಲ್ಲಿ ಯಾರೂ ಕಾಣದ ಪಕ್ಷಿ. ಕಲ್ಪನೆಯಲ್ಲಿ ಮಾತ್ರ ಹಾರುವಂಥದು. ಒಂದು ಒಡಲು, ಎರಡು ತಲೆ. ಎರಡು ತಲೆಯ ಹಕ್ಕಿಯ ಕಲ್ಪನೆ ಬಹು ಪ್ರಾಚೀನವಾದುದು. ಇಂದಿನ ತುರ್ಕಿ ದೇಶದ ಅಲಜಾ ಹೊಯುಕ್ ಎಂಬಲ್ಲಿ ಹಿಟ್ಟೈಟರ ಕಾಲದ ಕಲ್ಲಿನಲ್ಲಿ ಅದು ಕಾಣಸಿಗುತ್ತದೆ. ತಕ್ಷಶಿಲೆಯ ಸಿರ್ಕಪ್ ಎಂಬಲ್ಲಿ, ಕ್ರಿಸ್ತಶಕದ ಆದಿಭಾಗದ ಒಂದು ಸ್ತೂಪದ ಪೀಠದ ಮೇಲೆಯೂ ಎರಡು ತಲೆಯ ಹಕ್ಕಿಯನ್ನು ಕೆತ್ತಿದ್ದಾರೆ. ಮುಂದೆ ಬೈಜಾಂಟಿಯಮ್, ರಷ್ಯ, ಅಲ್ಬೇನಿಯ ಮೊದಲಾದ ದೇಶಗಳಲ್ಲಿ ಅದು ರಾಜಚಿಹ್ನೆಯಾಯಿತು. ಆದರೆ ಕನ್ನಡ ನಾಡಿನಲ್ಲಿ ಅದು ಪಡೆದ ಹೆಸರು, ರೂಪ, ಕಥೆಗಳು ಈ ನೆಲದವೇ ಆಗಿವೆ.

1047ರ ಕಂಬ

ಶಾಲಿವಾಹನ ಶಕ 969, ಎಂದರೆ ಕ್ರಿ.ಶ. 1047. ಕಲ್ಯಾಣದ ಚಾಲುಕ್ಯ ತ್ರೈಲೋಕ್ಯಮಲ್ಲ ಸೋಮೇಶ್ವರನು ಚಕ್ರವರ್ತಿಯಾಗಿದ್ದ ಕಾಲ. ಅವನ ಅಧೀನನಾಗಿ ಮಹಾಮಂಡಲೇಶ್ವರ ಚಾಮುಂಡರಾಯರಸನು ಬನವಾಸಿನಾಡನ್ನು ಆಳುತ್ತಿದ್ದನು. (ಶ್ರವಣಬೆಳ್ಗೊಳದ ಗೊಮ್ಮಟನನ್ನು ನಿಲ್ಲಿಸಿದ ಗಂಗರ ಮಂತ್ರಿ ಚಾವುಂಡರಾಯನು ಇವನಿಗಿಂತ ಹಿಂದಿನವನು, ಇಬ್ಬರನ್ನೂ ಒಬ್ಬನೆಂದು ಭ್ರಮಿಸಬಾರದು.) ಬಳ್ಳಿಗಾವೆಯ ಜಗದೇಕಮಲ್ಲೇಶ್ವರ ದೇವಾಲಯದ ಎದುರಿನಲ್ಲಿ ಈ ಚಾಮುಂಡರಾಯರಸನು ಭೇರುಂಡದ ಕಂಬವನ್ನು ಎತ್ತಿಸಿದನು. ಸುಮಾರು 30 ಅಡಿ ಎತ್ತರದ ಏಕಶಿಲಾಸ್ತಂಭವದು. ಬುಡದಲ್ಲಿ ಚೌಕ, ಮೇಲೆ ದುಂಡು. ತುದಿಯಲ್ಲಿ ಗಂಡಭೇರುಂಡ.

ಇಲ್ಲಿಯ ಗಂಡಭೇರುಂಡದ ಆಕಾರವು ಇಂದು ಸರ್ಕಾರದ ಮುದ್ರೆಯಲ್ಲಿ ಕಾಣುವಂಥದಲ್ಲ. ಮುದ್ರೆಯಲ್ಲಿರುವುದು ಪೂರ್ಣವಾಗಿ ಪಕ್ಷಿ. ಬಳ್ಳಿಗಾವೆಯದು ಮನುಷ್ಯನ ಒಡಲು, ಅದರ ಮೇಲೆ ಎರಡು ಹಕ್ಕಿಯ ತಲೆ. ಶಿಲ್ಪಿಯು ಹಕ್ಕಿಯನ್ನು ಕಡೆಯುವ ಬದಲು ಹಕ್ಕಿಯ ಗುಣವುಳ್ಳ ವೀರನನ್ನೇ ಕಡೆದನೆನ್ನಬಹುದು. ಇದಕ್ಕೆ ಕಾರಣವನ್ನು ಹೆಸರಿನಲ್ಲಿಯೇ ಹುಡುಕಬೇಕು.

‘ಗಂಡ’ ಎಂಬುದು ಹಳಗನ್ನಡದಲ್ಲಿ ವೀರ, ಶೂರ, ಮೀರಿಸುವವನು ಎಂಬ ಅರ್ಥದ ಮಾತು. ‘ಮೂರುರಾಯರ ಗಂಡ’ ಮೊದಲಾದ ಬಿರುದುಗಳಲ್ಲಿ ಈ ಅರ್ಥವೇ ಇದೆ. ಇಂದು ಬಳಕೆಯಲ್ಲಿರುವ ‘ಪತಿ’ ಎಂಬ ಅರ್ಥವನ್ನು ಅಲ್ಲಿಗೆ ಒಯ್ಯಲಾಗದು. ‘ಭೇರುಂಡ’ವು ಭಯಂಕರವಾದ ಪಕ್ಷಿವಿಶೇಷ. ವೀರರ ನಡುವೆ ಭೇರುಂಡದಂತಿರುವವನು ಗಂಡಭೇರುಂಡ. ಚಾಮುಂಡರಾಯರಸನು ಧರಿಸಿದ್ದ ಬಿರುದುಗಳಲ್ಲಿ ಇದೂ ಒಂದು. ಆದುದರಿಂದ ಕಂಬದ ಮೇಲೆ ನಿಂತಿರುವುದು ಮೊದಲಿಗೆ ಒಬ್ಬ ಮಾಂಡಲಿಕನ ಬಿರುದು. ನಾಲಗೆಯ ಮೇಲಿದ್ದ ಮಾತು ಕಲ್ಲಾಗಿ ನಿಂತಿತು. ಮನುಷ್ಯನ ಒಡಲಿಗೆ ಹಕ್ಕಿಯ ತಲೆಗಳು ಕೂಡಿದ್ದು ಇದರಿಂದ ಸಹಜವಾಗಿಯೇ ತೋರುತ್ತದೆ.

ಪುರಾಣದ ಕಥೆ ಮತ್ತು ಅದರ ತೊಡಕು

ಗಂಡಭೇರುಂಡವೆಂದೊಡನೆ ಇಂದು ಹೆಚ್ಚಿನವರು ಹೇಳುವ ಕಥೆಯೊಂದಿದೆ. ಹಿರಣ್ಯಕಶಿಪುವನ್ನು ಸೀಳಿದ ಮೇಲೆಯೂ ನರಸಿಂಹನ ಕೋಪವು ಅಡಗದೆ ಲೋಕವು ತಲ್ಲಣಿಸಿತು. ಆಗ ಶಿವನು ಶರಭರೂಪವನ್ನು ತಾಳಿ ನರಸಿಂಹನನ್ನು ಅಡಗಿಸಿದನು. ‘ಲಿಂಗಪುರಾಣ’ದ ಪ್ರಕಾರ ಶಿವನ ಆಣತಿಯಂತೆ ಈ ಕಾರ್ಯಕ್ಕೆ ಹೋದವನು ವೀರಭದ್ರ. ಶೈವರ ಕಥೆ ಇಲ್ಲಿಗೆ ಮುಗಿಯುತ್ತದೆ. ವೈಷ್ಣವರ ಕಥೆ ಇಲ್ಲಿಗೆ ಮುಗಿಯದೆ ಇನ್ನೊಂದು ಹೆಜ್ಜೆ ಮುಂದಿಡುತ್ತದೆ: ಶರಭನನ್ನು ಗೆಲ್ಲಲು ವಿಷ್ಣುವು ಗಂಡಭೇರುಂಡನಾದನೆಂದು ಅದು ಹೇಳುತ್ತದೆ. ತಮಿಳುನಾಡಿನ ತ್ರಿಭುವನದ ಕಂಪಹರೇಶ್ವರ ದೇವಾಲಯದಲ್ಲಿ ಶರಭಮೂರ್ತಿಗೆ ಪ್ರತ್ಯೇಕ ಗುಡಿಯಿರುವುದು ಮೊದಲ ಪಕ್ಷದ ಕುರುಹಾದರೆ, ಗಂಡಭೇರುಂಡನರಸಿಂಹನ ಆರಾಧನೆಯು ಎರಡನೆಯ ಪಕ್ಷದ ಕುರುಹು.

ಈ ಕಥೆಯನ್ನೇ ಲಾಂಛನದ ಮೂಲಾರ್ಥವೆಂದು ಹಿಡಿದರೆ ಬಳ್ಳಿಗಾವೆಯ ಕಂಬವು ಒಂದು ಒಗಟಾಗುತ್ತದೆ. ಜಗದೇಕಮಲ್ಲೇಶ್ವರವು ಶಿವಾಲಯ. ಅದಕ್ಕಿರುವುದು ಸೋಮೇಶ್ವರನ ತಂದೆ ಜಯಸಿಂಹನ ‘ಜಗದೇಕಮಲ್ಲ’ ಎಂಬ ಬಿರುದಿನ ಹೆಸರು. ಶಿವನ ಶರಭರೂಪವನ್ನು ಸೀಳಿದ ಪಕ್ಷಿಯೆಂದು ಜನರು ತಿಳಿದಿದ್ದ ಆಕೃತಿಯನ್ನು ಶಿವಾಲಯದ ಎದುರಿನಲ್ಲಿಯೇ 30 ಅಡಿ ಎತ್ತರದಲ್ಲಿ ನಿಲ್ಲಿಸಲು ಯಾವ ಅರಸನು ಮನಸ್ಸು ಮಾಡಿಯಾನು? ಕಾಳಾಮುಖ ಆಚಾರ್ಯರು ಪ್ರಬಲರಾಗಿದ್ದ ಊರಿನಲ್ಲಿ ಅದನ್ನು ಯಾರು ತಾನೆ ಒಪ್ಪಿಯಾರು? ಆದುದರಿಂದ 1047ರ ಬಳ್ಳಿಗಾವೆಯಲ್ಲಿ ಗಂಡಭೇರುಂಡಕ್ಕೆ ಮತಸ್ಪರ್ಧೆಯ ಅರ್ಥವು ಅಂಟಿರಲಿಲ್ಲವೆಂದು ತಿಳಿಯುವುದೇ ಯುಕ್ತ. ಅದು ಶೌರ್ಯದ ಗುರುತಾಗಿತ್ತು. ಶೌರ್ಯವನ್ನು ಶಿವನ ಎದುರಿಗೆ ತಂದು ನಿಲ್ಲಿಸಿದ ಗುರುತೂ ಆಗಿತ್ತು. ದೇವಾಲಯದ ಮುಂದಿನ ಕಂಬವು ದೇವರಿಗೆ ಎದುರಾಳಿಯಲ್ಲ, ದೇವರ ಎದುರಿನ ಸೇವಕ.

ಈ ಮಾತಿಗೆ ಇನ್ನೊಂದು ಆಧಾರವು ಇದೇ ಜಿಲ್ಲೆಯಲ್ಲಿದೆ. ಸಾಗರ ತಾಲ್ಲೂಕಿನ ಕೆಳದಿಯ ರಾಮೇಶ್ವರ ದೇವಾಲಯದ ಭುವನೇಶ್ವರಿಯಲ್ಲಿ ಗಂಡಭೇರುಂಡದ ಸೊಗಸಾದ ಶಿಲ್ಪವಿದೆ. ಕೆಳದಿಯ ಅರಸರು ವೀರಶೈವರು. ತಮ್ಮ ನಾಣ್ಯಗಳ ಮೇಲೆ ಶಿವಪಾರ್ವತಿಯರನ್ನು ಅಚ್ಚೊತ್ತಿಸಿದವರು. ಅವರ ಆರಾಧ್ಯದೈವದ ಗುಡಿಯ ಮೇಲ್ಚಾವಣಿಯಲ್ಲಿ ಈ ಪಕ್ಷಿಗೆ ಸ್ಥಾನ ದೊರೆತಿದ್ದು ಅವರು ಅದನ್ನು ಶಿವವೈರಿಯೆಂದು ಭಾವಿಸಲಿಲ್ಲವೆಂಬುದಕ್ಕೆ ಸಾಕ್ಷಿಯಾಗಿದೆ. ಬಳ್ಳಿಗಾವೆಗೂ ಕೆಳದಿಗೂ ನಡುವೆ ಹಲವು ಶತಮಾನಗಳ ಅಂತರವಿದ್ದರೂ ಇಬ್ಬರೂ ಆ ಪಕ್ಷಿಯನ್ನು ಶಿವಾಲಯಕ್ಕೆ ಒಪ್ಪುವ ಅಲಂಕಾರವೆಂದೇ ಕಂಡರು.

ಬೇಲೂರಿನ ಸರಪಣಿ

ಲಾಂಛನದ ಅರ್ಥವನ್ನು ಇನ್ನೊಂದು ದಿಕ್ಕಿಗೆ ಎಳೆದ ಶಿಲ್ಪವೊಂದು ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿದೆ. 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠೆ ಮಾಡಿಸಿದ ಆ ದೇವಾಲಯದ ಕೆತ್ತನೆಯಲ್ಲಿ ಒಂದನ್ನೊಂದು ನುಂಗುವ ಪ್ರಾಣಿಗಳ ಸರಪಣಿಯೇ ಇದೆ. ಜಿಂಕೆಯನ್ನು ಹೆಬ್ಬಾವು ಹಿಡಿದಿದೆ. ಹಾವನ್ನು ಆನೆ ಎತ್ತಿದೆ. ಆನೆಯ ಮೇಲೆ ಸಿಂಹ ಎರಗಿದೆ. ಸಿಂಹವನ್ನು ಶರಭ ಕಬಳಿಸುತ್ತಿದೆ. ಶರಭವನ್ನು ಗಂಡಭೇರುಂಡ ಸೀಳುತ್ತಿದೆ. ಇದನ್ನೆಲ್ಲ ಕಂಡು ಬೆರಗಾದ ಒಬ್ಬ ಋಷಿಯೂ ಅಲ್ಲಿದ್ದಾನೆ.

ಈ ಶಿಲ್ಪವನ್ನು ಬಲದ ಪ್ರಶಂಸೆಯೆಂದು ಓದಬಹುದು. ಎಲ್ಲಕ್ಕೂ ಮಿಗಿಲಾದುದು ಗಂಡಭೇರುಂಡ ಎಂದಷ್ಟೇ ಹೇಳಿ ಮುಗಿಸಬಹುದು. ಆದರೆ ಹಾಗೆ ಓದಿದರೆ ಋಷಿಯ ಆಕೃತಿಯು ವ್ಯರ್ಥವಾಗುತ್ತದೆ. ಸರಪಣಿಯಲ್ಲಿರುವ ಪ್ರತಿಯೊಂದು ಪ್ರಾಣಿಯೂ ತನ್ನ ಬಾಯಲ್ಲಿರುವ ತುತ್ತನ್ನು ನೋಡುತ್ತಿದೆ, ತನ್ನ ಬೆನ್ನ ಮೇಲಿರುವ ಬಾಯನ್ನು ನೋಡುತ್ತಿಲ್ಲ. ಇಡೀ ಸರಪಣಿಯನ್ನು ಮೊದಲಿನಿಂದ ಕೊನೆಯವರೆಗೆ ಕಾಣುತ್ತಿರುವವನು ಅದರ ಹೊರಗಿರುವ ಋಷಿಯೊಬ್ಬನೇ. ಬಲವು ಎಷ್ಟೇ ಹೆಚ್ಚಿದರೂ ಅದರ ಮೇಲೊಂದು ಬಲವಿದೆ. ಬಲಗಳೆಲ್ಲವನ್ನೂ ಕಾಣುವುದು ಅರಿವು. ಶಿಲ್ಪಿಯ ಮನಸ್ಸಿನಲ್ಲಿ ಏನಿತ್ತೆಂಬುದನ್ನು ಕಲ್ಲು ಬಾಯಿಬಿಟ್ಟು ಹೇಳದು. ಆದರೆ ಕಲ್ಲಿನ ಜೋಡಣೆಯು ಈ ಅರ್ಥಕ್ಕೆ ಎಡೆಗೊಡುತ್ತದೆ.

ಭೇರುಂಡ ಗಳೆ

ಇಷ್ಟರವರೆಗೆ ಹೇಳಿದುದು ಶೌರ್ಯದ ಮಾತಾಯಿತು. ಬಳ್ಳಿಗಾವೆಯ ಗಂಡಭೇರುಂಡಕ್ಕೆ ಇನ್ನೊಂದು ಮುಖವಿದೆ. ಅದು ರೈತನಿಗೆ ಸಂಬಂಧಿಸಿದ್ದು. ಹಿಂದಿನ ಕಾಲದಲ್ಲಿ ಭೂಮಿಯನ್ನು ಅಳೆಯಲು ಗಳೆ, ಎಂದರೆ ಅಳತೆಯ ಕೋಲು, ಬಳಕೆಯಲ್ಲಿತ್ತು. ಊರೂರಿಗೂ ನಾಡುನಾಡಿಗೂ ಗಳೆಯ ಉದ್ದ ಬೇರೆಬೇರೆ. ಒಂದೇ ಹೊಲವು ಒಂದು ಗಳೆಯಲ್ಲಿ ಹೆಚ್ಚಾಗಿಯೂ ಇನ್ನೊಂದರಲ್ಲಿ ಕಡಮೆಯಾಗಿಯೂ ತೋರುತ್ತಿತ್ತು. ಆದುದರಿಂದಲೇ ದಾನಶಾಸನಗಳಲ್ಲಿ ಇಂತಿಷ್ಟು ಮತ್ತರು ಭೂಮಿಯೆಂದು ಬರೆದರೆ ಸಾಲದು. ಯಾವ ಗಳೆಯಿಂದ ಅಳೆದುದೆಂದೂ ಹೇಳಬೇಕಾಗುತ್ತಿತ್ತು. ಬಳ್ಳಿಗಾವೆಯ ಸೀಮೆಯ ಶಾಸನಗಳಲ್ಲಿ ಹೀಗೆ ಬರುವ ಅಳತೆಯ ಹೆಸರು ‘ಭೇರುಂಡ ಗಳೆ’.

ಮೇಲೆ ನಿಂತ ಪಕ್ಷಿಯು ಅರಸನ ಬಿರುದನ್ನು ಸಾರಿದರೆ, ಅದೇ ಪಕ್ಷಿಯ ಹೆಸರಿನ ಕೋಲು ಹೊಲದ ಎಲ್ಲೆಯನ್ನು ನಿರ್ಣಯಿಸಿತು. ಬಿರುದು ಒಬ್ಬನದು, ಅಳತೆ ಎಲ್ಲರದು. ಬಿರುದು ಧರಿಸಿದವನೊಡನೆ ಮುಗಿಯುತ್ತದೆ; ಅಳತೆಯು ಕೊಡುವವನಿಗೂ ಕೊಳ್ಳುವವನಿಗೂ ಸಮನಾಗಿ ನಿಲ್ಲಬೇಕು. ಗಂಡಭೇರುಂಡದ ಎರಡು ತಲೆಗಳು ಎರಡು ದಿಕ್ಕಿಗೆ ನೋಡುತ್ತಿದ್ದರೂ ಎರಡಕ್ಕೂ ಒಡಲು ಒಂದೇ. ನ್ಯಾಯದ ಅಳತೆಯೂ ಅಂಥದೇ. ಲಾಂಛನವೊಂದು ಹೆದರಿಸುವ ಗುರುತಾಗಿ ಹುಟ್ಟಿ ನಂಬಿಸುವ ಗುರುತಾಗಿ ಬೆಳೆದುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ದೊರೆಯುವುದು ಕಷ್ಟ.

ಹಳ್ಳಿಗಳ ಎಲ್ಲೆಗಳಲ್ಲಿ ಇಂದಿಗೂ ಕಾಣುವ ಮುದ್ರೆಕಲ್ಲುಗಳನ್ನು ಇದರೊಡನೆ ಹೋಲಿಸಬಹುದು. ಶಿವಾಲಯಕ್ಕೋ ಮಠಕ್ಕೋ ಬಿಟ್ಟ ಭೂಮಿಯ ಎಲ್ಲೆಗೆ ಲಿಂಗಮುದ್ರೆಯ ಕಲ್ಲು. ಬ್ರಾಹ್ಮಣರಿಗೆ ಕೊಟ್ಟ ಭೂಮಿಗೆ ವಾಮನಮುದ್ರೆಯ ಕಲ್ಲು. ಬಸದಿಯ ಭೂಮಿಗೆ ಮುಕ್ಕೊಡೆಯ ಕಲ್ಲು. ಶಾಸನಗಳ ನೆತ್ತಿಯ ಮೇಲೆ ಕೆತ್ತುವ ಸೂರ್ಯಚಂದ್ರರು ಆ ದಾನವು ಆಚಂದ್ರಾರ್ಕವಾಗಿ ಉಳಿಯಲಿ ಎಂಬ ಹಾರೈಕೆ. ಕರುವಿಗೆ ಹಾಲೂಡುವ ಹಸುವು ದಾನದ ಫಲ. ಓದು ಬಾರದವನೂ ಈ ಗುರುತುಗಳನ್ನು ಓದಬಲ್ಲವನಾಗಿದ್ದನು. ಕನ್ನಡ ನಾಡಿನ ಹಳ್ಳಿಗಳ ನಿಜವಾದ ಲಾಂಛನಗಳು ಇವೇ ಎನ್ನಬಹುದು; ಬಳ್ಳಿಗಾವೆಯ ಗಂಡಭೇರುಂಡವು ಅವುಗಳ ನಡುವೆ ಎತ್ತರವಾಗಿ ನಿಂತಿರುವ ಒಂದು.

ಕಂಬದ ಸುತ್ತಲಿನ ಊರು

ಆ ಕಂಬದ ಸುತ್ತ ಬಾಳಿದ ಜನರು ಹೇಗಿದ್ದರೆಂಬುದನ್ನೂ ಶಾಸನಗಳಿಂದ ತಿಳಿಯಬಹುದು. ಕಂಬವು ನಿಂತ ಮರುವರ್ಷ, ಎಂದರೆ 1048ರಲ್ಲಿ, ಅದೇ ಚಾಮುಂಡರಾಯರಸನ ಆಳ್ವಿಕೆಯ ಶಾಸನವೊಂದು ನಾಗವರ್ಮನೆಂಬ ಅಧಿಕಾರಿಯು ಒಡೆಯನ ಇಚ್ಛೆಯಂತೆ ಜಿನನಿಲಯ, ವಿಷ್ಣುನಿಲಯ, ಈಶ್ವರನಿಲಯ ಮತ್ತು ಮುನಿಗಣನಿಲಯಗಳನ್ನು ಮಾಡಿಸಿದನೆಂದು ಹೇಳುತ್ತದೆ. 1065ರ ಸುಮಾರಿಗೆ ರೂಪಭಟ್ಟಯ್ಯನು ಇಲ್ಲಿ ಬೌದ್ಧವಿಹಾರವನ್ನು ಕಟ್ಟಿಸಿದನು; ಬಳ್ಳಿಗಾವೆಯಲ್ಲಿ ದೊರೆತ ತಾರಾಭಗವತಿಯ ವಿಗ್ರಹವು ಆ ಮತದ ನೆಲೆಯನ್ನು ನೆನಪಿಸುತ್ತದೆ. ಹನ್ನೆರಡನೆಯ ಶತಮಾನದ ಶಾಸನವೊಂದು ಹರಿ, ಹರ, ಕಮಲಾಸನ, ವೀತರಾಗ, ಬೌದ್ಧ ಎಂಬ ಐದು ಮಠಗಳನ್ನು ಒಂದೇ ಉಸಿರಿನಲ್ಲಿ ಹೆಸರಿಸುತ್ತದೆ.

ತಾವರೆಗೆರೆಯ ಕೋಡಿಯ ಬಳಿಯಲ್ಲಿದ್ದುದರಿಂದ ಕೋಡಿಯಮಠವೆಂದು ಹೆಸರಾದ ಕಾಳಾಮುಖರ ಮಠವು ದಕ್ಷಿಣಕೇದಾರವೆನಿಸಿದ ಕೇದಾರೇಶ್ವರನ ಸನ್ನಿಧಿಯಲ್ಲಿತ್ತು. ಕೇದಾರಶಕ್ತಿ, ಶ್ರೀಕಂಠ, ಸೋಮೇಶ್ವರ, ಗೌತಮ, ವಾಮಶಕ್ತಿ ಮೊದಲಾದ ಆಚಾರ್ಯರ ಪರಂಪರೆ ಅಲ್ಲಿಯದು. 1162ರಲ್ಲಿ, ಬಿಜ್ಜಳನ ಕಾಲದಲ್ಲಿ ಬರೆಸಿದ ಶಾಸನವು ಆ ಮಠವನ್ನು ವಿಸ್ತಾರವಾಗಿ ವರ್ಣಿಸುತ್ತದೆ. ವೇದಗಳು, ನಾನಾ ವ್ಯಾಕರಣಗಳು, ಷಡ್ದರ್ಶನಗಳು, ಲಾಕುಲಸಿದ್ಧಾಂತ, ಯೋಗಶಾಸ್ತ್ರ, ಪುರಾಣಗಳು ಅಲ್ಲಿ ಪಾಠವಾಗುತ್ತಿದ್ದವು. ದೀನರಿಗೂ ಅನಾಥರಿಗೂ ಕುರುಡರಿಗೂ ಕುಂಟರಿಗೂ ಅಲ್ಲಿ ಅನ್ನ ದೊರೆಯುತ್ತಿತ್ತು. ರೋಗಿಗಳಿಗೆ ಚಿಕಿತ್ಸೆಯೂ ನಡೆಯುತ್ತಿತ್ತು. ಸ್ವಮತವನ್ನು ದೃಢವಾಗಿ ಹಿಡಿದ ಮಠವೊಂದು ಪರಮತದ ಶಾಸ್ತ್ರಗಳನ್ನೂ ಪಾಠಕ್ಕೆ ಇಟ್ಟುಕೊಂಡಿದ್ದುದು ಗಮನಾರ್ಹ. ಕೇದಾರೇಶ್ವರದ ಶಿಖರದ ಮುಂಭಾಗದಲ್ಲಿ ಹೊಯ್ಸಳರ ಸಳನ ಲಾಂಛನವೂ ಬಂದು ಕುಳಿತಿದೆ. ಅರಸರು ಬದಲಾದಂತೆ ಲಾಂಛನಗಳು ಬಂದವು, ಹೋದವು. ಊರಿನ ಮನೋಧರ್ಮವು ಬಹುಕಾಲ ಹಾಗೆಯೇ ನಿಂತಿತು.

ಕುರುಹು ಮತ್ತು ಅರಿವು

ಗಂಡಭೇರುಂಡದ ಕಂಬವು ನಿಂತು ಸುಮಾರು ನೂರು ವರ್ಷಗಳಾದ ಮೇಲೆ ಅಲ್ಲಮನ ಕಾಲ. ಹರಿಹರನ ಕಥನವನ್ನು ಒಪ್ಪುವುದಾದರೆ ಮದ್ದಳೆಯನ್ನು ಬಾರಿಸುತ್ತ ಈ ಊರಿನ ಬೀದಿಗಳಲ್ಲಿ ನಡೆದ ತರುಣನು ಆ ಕಂಬವನ್ನು ನೋಡಿಯೇ ಬೆಳೆದಿರಬೇಕು. ಕಮಲತೆಯ ಅಗಲಿಕೆಯಿಂದ ನೊಂದು ಅನಿಮಿಷಯ್ಯನಿಂದ ಲಿಂಗವನ್ನು ಪಡೆದು ಅಲ್ಲಿಂದ ಹೊರಟ ಆ ಪ್ರಭುವಿನ ವಚನಗಳಲ್ಲಿ ಎರಡು ಮಾತುಗಳು ಮತ್ತೆ ಮತ್ತೆ ಬರುತ್ತವೆ: ಒಂದು ಕುರುಹು, ಇನ್ನೊಂದು ಅರಿವು. ಕುರುಹೆಂದರೆ ಗುರುತು, ಲಾಂಛನ. ಅರಿವೆಂದರೆ ಕುರುಹು ಯಾವುದನ್ನು ತೋರುತ್ತದೆಯೋ ಅದನ್ನು ಕಾಣುವ ಬೆಳಕು.

ಶರಣರು ಲಾಂಛನವನ್ನು ತಿರಸ್ಕರಿಸಿದವರಲ್ಲ. ಲಾಂಛನವನ್ನು ಕಂಡೊಡನೆ ತಲೆಬಾಗುವ ವಿನಯವನ್ನು ಬಸವಣ್ಣನವರು ಕಲಿಸಿದರು. ಅದೇ ಸಮಯದಲ್ಲಿ ಆಚಾರವಿಲ್ಲದ ಲಾಂಛನಧಾರಿಯನ್ನು ಶರಣರಷ್ಟು ಕಟುವಾಗಿ ಪ್ರಶ್ನಿಸಿದವರೂ ವಿರಳ. ಅಂಬಿಗರ ಚೌಡಯ್ಯನ ವಚನಗಳನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಲ್ಲಮನು ಇನ್ನೂ ಮುಂದೆ ಹೋಗಿ, ಕುರುಹನ್ನು ಹಿಡಿದು ಅರಿವನ್ನು ಮರೆತವನಿಗೆ ಕುರುಹೇ ಸೆರೆಯಾಗುವುದೆಂಬುದನ್ನು ನಾನಾ ಬಗೆಯಲ್ಲಿ ಮನಗಾಣಿಸಿದನು. ಈ ಮಾತು ಮೈಮೇಲಿನ ಲಾಂಛನಕ್ಕೆ ಸಲ್ಲುವಂತೆಯೇ ಕಂಬದ ಮೇಲಿನ ಲಾಂಛನಕ್ಕೂ ಸಲ್ಲುತ್ತದೆ. ಗಂಡಭೇರುಂಡವು ಬಲದ ಕುರುಹು. ಬಲವನ್ನು ಯಾವುದಕ್ಕೆ ಬಳಸಬೇಕೆಂಬುದನ್ನು ಕುರುಹು ಹೇಳದು, ಅರಿವು ಹೇಳಬೇಕು. ಲಾಂಛನವನ್ನು ಕಲ್ಲಿನಲ್ಲಿ ನಿಲ್ಲಿಸಿದ ಊರೇ ಲಾಂಛನದ ಮಿತಿಯನ್ನು ಕಾಣಿಸಿದವನನ್ನೂ ಕೊಟ್ಟಿತೆಂಬುದು ಬಳ್ಳಿಗಾವೆಯ ಭಾಗ್ಯ.

ಹಳ್ಳಿಯಿಂದ ರಾಜ್ಯಕ್ಕೆ

ಚಾಮುಂಡರಾಯರಸನ ಬಿರುದು ಅವನೊಡನೆ ಅಳಿಯಲಿಲ್ಲ. ವಿಜಯನಗರದ ಅಚ್ಯುತದೇವರಾಯನು (1529–1542) ತನ್ನ ಹೊನ್ನಿನ ನಾಣ್ಯಗಳ ಮೇಲೆ ಗಂಡಭೇರುಂಡವನ್ನು ಅಚ್ಚೊತ್ತಿಸಿದನು. ಕೊಕ್ಕುಗಳಲ್ಲಿಯೂ ಉಗುರುಗಳಲ್ಲಿಯೂ ಆನೆಗಳನ್ನು ಹಿಡಿದೆತ್ತಿರುವ ಆ ಚಿತ್ರದಲ್ಲಿ ಮಾನವರೂಪವು ಮರೆಯಾಗಿ ಪಕ್ಷಿರೂಪವೇ ಉಳಿದಿದೆ. ವಿಜಯನಗರದ ತರುವಾಯ ಕೆಳದಿಯ ಶಿಲ್ಪದಲ್ಲಿ ಅದು ಕಾಣಿಸಿಕೊಂಡಿತು. ಮೈಸೂರಿನ ಒಡೆಯರಲ್ಲಿ ರಾಜಲಾಂಛನವಾಗಿ ಸ್ಥಿರಗೊಂಡಿತು. 1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾಗಿ, 1973ರ ನವೆಂಬರ್ 1ರಂದು ಅದಕ್ಕೆ ಕರ್ನಾಟಕವೆಂಬ ಹೆಸರು ಬಂದ ಮೇಲೆಯೂ ರಾಜ್ಯದ ಮುದ್ರೆಯಲ್ಲಿ ಅದೇ ಪಕ್ಷಿ ಉಳಿಯಿತು.

ಇಂದಿನ ಮುದ್ರೆಯನ್ನು ಸಾವಧಾನವಾಗಿ ನೋಡಿದರೆ ವಿಸ್ಮಯಕರವಾದ ಒಂದು ಸಂಗತಿ ತಿಳಿದುಬರುತ್ತದೆ. ನಡುವೆ ಕೆಂಪು ಫಲಕದ ಮೇಲೆ ಬಿಳಿಯ ಗಂಡಭೇರುಂಡ. ಫಲಕದ ಮೇಲೆ ಸಾರನಾಥದ ಅಶೋಕಸ್ತಂಭದ ಸಿಂಹಗಳು. ಕೆಳಗೆ ಮುಂಡಕೋಪನಿಷತ್ತಿನಿಂದ ಆಯ್ದ, ಸತ್ಯದ ಗೆಲವನ್ನು ಸಾರುವ ರಾಷ್ಟ್ರೀಯ ಘೋಷವಾಕ್ಯ. ಎರಡೂ ಪಕ್ಕಗಳಲ್ಲಿ ಫಲಕವನ್ನು ಹಿಡಿದು ನಿಂತಿರುವ, ಆನೆಯ ತಲೆ ಮತ್ತು ಸಿಂಹದ ಒಡಲುಳ್ಳ ಪ್ರಾಣಿಗಳನ್ನು ಶರಭಗಳೆಂದು ಕರೆಯುತ್ತಾರೆ. ಪುರಾಣದ ಶರಭಕ್ಕೆ ರೆಕ್ಕೆಗಳೂ ಎಂಟು ಕಾಲುಗಳೂ ಇದ್ದರೆ ಇಲ್ಲಿರುವುದು ಗಜಕೇಸರಿಯ ರೂಪ. ಆದರೂ ಹೆಸರು ಶರಭವೇ. ಹೀಗೆ ಪುರಾಣದಲ್ಲಿ ಪರಸ್ಪರ ಸೀಳಿದವೆಂದು ಹೇಳುವ ಎರಡು ಮಹಾಮೃಗಗಳು ಮುದ್ರೆಯಲ್ಲಿ ಒಂದನ್ನೊಂದು ಕಾಯುತ್ತ ನಿಂತಿವೆ. ಶೈವರ ಶರಭವು ವೈಷ್ಣವರ ಗಂಡಭೇರುಂಡಕ್ಕೆ ಹೆಗಲು ಕೊಟ್ಟಿದೆ. ಎರಡರ ನೆತ್ತಿಯ ಮೇಲೆ ಬೌದ್ಧಧರ್ಮಕ್ಕೆ ಶರಣಾದ ಚಕ್ರವರ್ತಿಯ ಸಿಂಹಗಳು ಕುಳಿತಿವೆ. ಅಡಿಯಲ್ಲಿ ಉಪನಿಷತ್ತಿನ ವಾಕ್ಯವಿದೆ. ಮುದ್ರೆಯನ್ನು ರಚಿಸಿದವರು ಇದನ್ನು ಉದ್ದೇಶಿಸಿದ್ದರೋ ಇಲ್ಲವೋ, ಬಳ್ಳಿಗಾವೆಯ ಐದು ಮಠಗಳ ನೆನಪು ಅದರಲ್ಲಿ ತಾನಾಗಿ ಮೂಡಿದೆ.

ಉಪಸಂಹಾರ

ಗಂಡಭೇರುಂಡದ ಇತಿಹಾಸವು ಒಂದು ಚಿಹ್ನೆಯ ಅರ್ಥವು ಹೇಗೆ ಬೆಳೆಯುತ್ತದೆಂಬುದರ ಇತಿಹಾಸ. ಅದು ಒಬ್ಬ ಮಾಂಡಲಿಕನ ಬಿರುದಾಗಿ ಹುಟ್ಟಿತು. ಶಿವನ ಎದುರಿನಲ್ಲಿ ನಿಂತು ವಿನಯವನ್ನು ಕಲಿಯಿತು. ಹೊಲದ ಅಳತೆಯಾಗಿ ನಂಬಿಕೆಯನ್ನು ಗಳಿಸಿತು. ಮತಸ್ಪರ್ಧೆಯ ಕಥೆಯಲ್ಲಿ ಸಿಕ್ಕಿಕೊಂಡರೂ ಕೆಳದಿಯ ಗುಡಿಯಲ್ಲಿಯೂ ರಾಜ್ಯದ ಮುದ್ರೆಯಲ್ಲಿಯೂ ಆ ಸ್ಪರ್ಧೆಯನ್ನು ಮೀರಿ ನಿಂತಿತು. ಇಂದು ಅದು ಸರ್ಕಾರದ ಪ್ರತಿಯೊಂದು ಆಜ್ಞೆಯ ಮೇಲೆಯೂ ಇದೆ. ಬಡವನೊಬ್ಬನ ಅರ್ಜಿಗೆ ಬಂದ ಉತ್ತರದ ನೆತ್ತಿಯ ಮೇಲೆ ಆ ಪಕ್ಷಿಯ ಚಿತ್ರವಿದ್ದರೆ, ಕೆಳಗಿನ ಬರಹವು ಭೇರುಂಡ ಗಳೆಯಂತೆ ನೇರವಾಗಿರಬೇಕು. ಹಾಗಿದ್ದರೆ ಅದು ಲಾಂಛನ. ಇಲ್ಲವಾದರೆ ಬರಿಯ ಶಾಯಿಯ ಗುರುತು.

ಬಳ್ಳಿಗಾವೆಗೆ ಹೋದವರು ಕಂಬದ ತುದಿಯನ್ನು ನೋಡಲು ತಲೆಯೆತ್ತಬೇಕಾಗುತ್ತದೆ. ಆ ಬಳಿಕ ತಲೆತಗ್ಗಿಸಿ ಅದರ ಬುಡದ ನೆಲವನ್ನೂ ನೋಡಬೇಕು. ಕುರುಹು ಮೇಲಿದೆ, ಅದನ್ನು ಹೊತ್ತಿರುವುದು ಕೆಳಗಿನ ನೆಲ. ಹರಿಹರರಿಗೂ ಜಿನಬುದ್ಧರಿಗೂ ಎಡೆಗೊಟ್ಟು, ಹಸಿದವರಿಗೆ ಅನ್ನವಿಕ್ಕಿ, ಅಲ್ಲಮನನ್ನು ಲೋಕಕ್ಕೆ ಕಳುಹಿಸಿದ ಆ ನೆಲದ ಗುಣವೇ ಗಂಡಭೇರುಂಡದ ನಿಜವಾದ ಅರ್ಥ.